ಹೋಟೆಲಿನ ತಳ್ಳಾಟ, ಮುರಿದ ಮಣಿಕಟ್ಟು: ಎನ್‌ಸಿ ಇದ್ದದ್ದು ಎಫ್‌ಐಆರ್ ಆದದ್ದು ಹೇಗೆ?

ಪ್ರಶ್ನೆ: ಘಾಟ್‌ಕೋಪರ್ ನಿವಾಸಿ

ಮಾನ್ಯರೆ,

ಕೋರ್ಟಿನ ಮೆಟ್ಟಿಲು ಹತ್ತಿದವರು ನಮ್ಮ ಮನೆತನದಲ್ಲಿ ಯಾರೂ ಇಲ್ಲ. ಆದ್ದರಿಂದ ಬಲ್ಲವರು ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕೆಂದು ಕೋರುತ್ತೇನೆ.

ನನ್ನ ಅಕ್ಕನ ಮಗ ಬೈಂದೂರಿನ ಕಡೆಯಿಂದ ಬಂದು ಎರಡು ವರ್ಷಗಳಿಂದ ಇಲ್ಲಿಯ ಒಂದು ಸಣ್ಣ ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುತ್ತಿದ್ದಾನೆ. ವಯಸ್ಸು ಇಪ್ಪತ್ತಮೂರು. ಕಳೆದ ತಿಂಗಳು ಒಂದು ರಾತ್ರಿ, ಹೋಟೆಲು ಮುಚ್ಚುವ ಹೊತ್ತಿಗೆ, ಬಿಲ್ಲಿನ ವಿಷಯವಾಗಿ ಒಬ್ಬ ಗ್ರಾಹಕರಿಗೂ ಇವನಿಗೂ ಮಾತಿಗೆ ಮಾತು ಬೆಳೆಯಿತು. ಅವರು ಗಲ್ಲಾದ ಆಚೆಯಿಂದ ಇವನ ಕೊರಳಪಟ್ಟಿ ಹಿಡಿದು ಎಳೆದರು, ಇವನು ಎರಡೂ ಕೈಗಳಿಂದ ಅವರನ್ನು ತಳ್ಳಿದ, ಅವರು ಹಿಂದಕ್ಕೆ ಸರಿದು ಬಾಗಿಲಿನ ಮೆಟ್ಟಿಲಲ್ಲಿ ಆಯತಪ್ಪಿ ಎಡಗೈ ಊರಿ ಬಿದ್ದರು. ಆ ರಾತ್ರಿಯೇ ಇಬ್ಬರೂ ಪೊಲೀಸ್ ಠಾಣೆಗೆ ಹೋದರು. ಠಾಣೆಯವರು ಎರಡೂ ಕಡೆಯ ಎನ್‌ಸಿ, ಅಂದರೆ ಪೊಲೀಸರು ತಾವಾಗಿ ತನಿಖೆ ಮಾಡದ ಸಣ್ಣ ದೂರಿನ ದಾಖಲೆ, ಬರೆದುಕೊಂಡು ಕಳುಹಿಸಿದರು. ಇವನು ಮರಾಠಿಯಲ್ಲಿದ್ದ ಒಂದು ಕಾಗದಕ್ಕೆ ಸಹಿ ಹಾಕಿದ್ದಾನೆ. ಅದರಲ್ಲಿ ಏನಿತ್ತೆಂದು ಅವನಿಗೆ ಸರಿಯಾಗಿ ತಿಳಿಯದು.

ವಿಷಯ ಅಲ್ಲಿಗೆ ಮುಗಿಯಿತೆಂದು ನಾವು ಭಾವಿಸಿದ್ದೆವು. ಆದರೆ ಆ ಗ್ರಾಹಕರು ಎಕ್ಸ್‌ರೇ ತೆಗೆಸಿದಾಗ ಮಣಿಕಟ್ಟಿನ ಮೂಳೆ ಮುರಿದಿರುವುದು ಕಂಡಿತಂತೆ, ಐದಾರು ದಿನಗಳಲ್ಲಿ ಎಫ್‌ಐಆರ್ ಆಯಿತು. ‘ಹಳೆಯ 325’ ಎಂದು ಹವಾಲ್ದಾರರು ಹೇಳಿದರು. ಕೈಗೆ ಕೊಟ್ಟ ಮರಾಠಿ ನೋಟಿಸಿನಲ್ಲಿ 117(2) ಮತ್ತು 3(5) ಎಂದಿದೆ, ಸುಮ್ಮನೆ ಪಕ್ಕದಲ್ಲಿ ನಿಂತಿದ್ದ ವೇಟರ್ ಹುಡುಗನ ಹೆಸರೂ ಇದೆ. ಬರುವ ಗುರುವಾರ ಠಾಣೆಗೆ ಹಾಜರಾಗಬೇಕು.

ನೋಟಿಸು ಬಂದರೆ ಬಂಧನವಾದಂತೆಯೇ? ಉದ್ದೇಶವಿಲ್ಲದೆ ತಳ್ಳಿದ್ದಕ್ಕೂ ಇಷ್ಟು ದೊಡ್ಡ ಕಲಂ ಹಾಕಬಹುದೇ? ಗಲ್ಫ್ ಕೆಲಸಕ್ಕೆಂದು ಅವನು ಪಾಸ್‌ಪೋರ್ಟಿಗೆ ಅರ್ಜಿ ಹಾಕುವವನಿದ್ದ, ಅದರ ಗತಿಯೇನು? ಮಗ ಜೈಲಿಗೆ ಹೋಗುತ್ತಾನೆಂದು ಯಾರೋ ಹೇಳಿದ್ದನ್ನು ಕೇಳಿ ಊರಿನಲ್ಲಿ ಅಕ್ಕ ಊಟ ಬಿಟ್ಟು ಕುಳಿತಿದ್ದಾಳೆ. ಅವಳಿಗೆ ಏನು ಹೇಳಬೇಕೆಂದೇ ನನಗೆ ತೋಚುತ್ತಿಲ್ಲ.

ಉತ್ತರ: ಭಾಂಡುಪಿನ ಹೋಟೆಲು ಉದ್ಯೋಗಿ

ಅಣ್ಣಾ, ಮೂವತ್ತು ವರ್ಷ ಇದೇ ಕಸುಬಿನಲ್ಲಿದ್ದವನ ಮಾತು ಕೇಳಿ. ಹುಡುಗನನ್ನು ಎರಡು ತಿಂಗಳು ಊರಿಗೆ ಕಳುಹಿಸಿಬಿಡಿ. ಇತ್ತ ನೀವು ಆ ಗ್ರಾಹಕರ ಆಸ್ಪತ್ರೆಯ ಖರ್ಚು ಕೊಟ್ಟು, ಕೇಸು ಹಿಂದಕ್ಕೆ ತೆಗೆದುಕೊಂಡಿದ್ದೇನೆಂದು ಸ್ಟಾಂಪ್ ಪೇಪರಿನ ಮೇಲೆ ಬರೆಸಿಕೊಳ್ಳಿ. ಸಿಟ್ಟು ಇಳಿದ ಮೇಲೆ ಎಲ್ಲರೂ ಒಪ್ಪುತ್ತಾರೆ.

ಉತ್ತರ: ನಿವೃತ್ತ ಸರ್ಕಾರಿ ಅಭಿಯೋಜಕ, ಥಾಣೆ

ಮೊದಲು ಮೇಲಿನ ಸಲಹೆಯ ಬಗ್ಗೆ ಹೇಳಿಬಿಡುತ್ತೇನೆ, ಏಕೆಂದರೆ ಅದನ್ನು ಪಾಲಿಸಿದರೆ ಹುಡುಗನಿಗೆ ನಿಜವಾದ ಹಾನಿಯಾಗುತ್ತದೆ. ಬರೆದವರ ಕಾಳಜಿಯಲ್ಲಿ ನನಗೆ ಸಂಶಯವಿಲ್ಲ. ಆದರೆ ಈಗ ಬಂದಿರುವ ನೋಟಿಸು ಹುಡುಗನನ್ನು ಬಂಧನದಿಂದ ಕಾಯುವ ಕಾಗದ. ಅದನ್ನು ಬಿಟ್ಟು ಊರಿಗೆ ಹೋದರೆ, ಇಲ್ಲದಿದ್ದ ಬಂಧನದ ಕಾರಣವನ್ನು ನಾವೇ ಪೊಲೀಸರ ಕೈಗೆ ಕೊಟ್ಟಂತಾಗುತ್ತದೆ.

ನಮ್ಮವರು ‘ಕೇಸು’ ಎಂಬ ಒಂದೇ ಮಾತಿನಲ್ಲಿ ಎನ್‌ಸಿ, ಎಫ್‌ಐಆರ್, ಬಂಧನ, ದೋಷಾರೋಪಣ ಪಟ್ಟಿ, ಶಿಕ್ಷೆ ಎಲ್ಲವನ್ನೂ ತುಂಬಿಬಿಡುತ್ತಾರೆ. ಹೆದರಿಕೆಯ ಬಹುಪಾಲು ಹುಟ್ಟುವುದು ಅಲ್ಲಿಂದಲೇ. ಇವು ಬೇರೆ ಬೇರೆ ಮೆಟ್ಟಿಲುಗಳು, ಒಂದನ್ನು ಹತ್ತಿದವನು ಮುಂದಿನದನ್ನು ಹತ್ತಲೇಬೇಕೆಂದಿಲ್ಲ. ನಿಮ್ಮ ಅಕ್ಕನಿಗೆ ಇಂದೇ ಫೋನು ಮಾಡಿ, ಮಗ ಈಗ ಆರೋಪಿಯೇ ಹೊರತು ಅಪರಾಧಿಯಲ್ಲ, ಅವನ ಬಂಧನವೂ ಆಗಿಲ್ಲ ಎಂದು ಹೇಳಿ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ, ಕಾನೂನಿನ ಸ್ಥಿತಿಯೇ ಇದು.

ಈಗ ಎನ್‌ಸಿ ಎಫ್‌ಐಆರ್ ಆದದ್ದು ಹೇಗೆಂದು ನೋಡೋಣ. 2024ರ ಜುಲೈ 1ರಿಂದ ನಡೆದ ಘಟನೆಗಳಿಗೆ 1860ರ ಭಾರತೀಯ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಅನ್ವಯಿಸುತ್ತದೆ, ಪೊಲೀಸರು ಮತ್ತು ನ್ಯಾಯಾಲಯ ಅನುಸರಿಸಬೇಕಾದ ಕ್ರಮವನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಈ ಎರಡನೆಯ ಕಾನೂನು ಅಪರಾಧಗಳನ್ನು ಸಂಜ್ಞೇಯ, ಅಸಂಜ್ಞೇಯ ಎಂದು ವಿಂಗಡಿಸುತ್ತದೆ. ಸಂಜ್ಞೇಯ ಅಪರಾಧವಾದರೆ ಪೊಲೀಸರು ನ್ಯಾಯಾಲಯದ ಅಪ್ಪಣೆಗೆ ಕಾಯದೆ ಎಫ್‌ಐಆರ್ ಬರೆದು ತನಿಖೆ ಮಾಡಬಹುದು. ಅಸಂಜ್ಞೇಯವಾದರೆ ದೂರನ್ನು ಪುಸ್ತಕದಲ್ಲಿ ದಾಖಲಿಸಿ, ದೂರುದಾರರನ್ನು ಮ್ಯಾಜಿಸ್ಟ್ರೇಟರ ಕಡೆಗೆ ಕಳುಹಿಸಬೇಕು, ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆ ನಡೆಸುವಂತಿಲ್ಲ. ಮುಂಬಯಿಯಲ್ಲಿ ಎಲ್ಲರ ಬಾಯಲ್ಲಿರುವ ‘ಎನ್‌ಸಿ’ ಎಂದರೆ ಈ ಎರಡನೆಯ ಬಗೆ. ಘಟನೆಯ ರಾತ್ರಿ ಕಂಡದ್ದು ಸಾಮಾನ್ಯ ಗಾಯ. ಅದು ನ್ಯಾಯ ಸಂಹಿತೆಯ ಕಲಂ 115(2), ಹಳೆಯ 323, ಗರಿಷ್ಠ ಒಂದು ವರ್ಷ ಸೆರೆ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ, ಅಸಂಜ್ಞೇಯ. ಹಾಗಾಗಿ ಎನ್‌ಸಿ ಬರೆದದ್ದು ಸರಿಯಾಗಿಯೇ ಇತ್ತು. ಆದರೆ ಯಾವುದು ತೀವ್ರ ಗಾಯವೆಂದು ಕಲಂ 116 ಹೇಳುತ್ತದೆ, ಮೂಳೆ ಅಥವಾ ಹಲ್ಲು ಮುರಿಯುವುದು ಆ ಪಟ್ಟಿಯಲ್ಲಿದೆ. ಎಕ್ಸ್‌ರೇ ಬಂದೊಡನೆ ವಿಷಯ 117(2)ಕ್ಕೆ, ಅಂದರೆ ಹವಾಲ್ದಾರರು ಹೇಳಿದ ಹಳೆಯ 325ಕ್ಕೆ, ಏರಿತು. ಅದು ಸಂಜ್ಞೇಯ, ಅದರ ಗರಿಷ್ಠ ಶಿಕ್ಷೆ ಏಳು ವರ್ಷ ಮತ್ತು ದಂಡ. ಸಂಜ್ಞೇಯ ಅಪರಾಧದ ಸಂಗತಿ ತಿಳಿದ ಮೇಲೆ ಎಫ್‌ಐಆರ್ ದಾಖಲಿಸುವುದು ಪೊಲೀಸರ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಇದನ್ನು ಯಾರದೋ ಪಿತೂರಿಯೆಂದು ಭಾವಿಸಬೇಡಿ.

ನಿಮ್ಮ ಎರಡನೆಯ ಪ್ರಶ್ನೆಯೇ ಇಲ್ಲಿ ಮುಖ್ಯವಾದದ್ದು, ಅದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಅಪರಾಧ ಕಾನೂನು ಬಹುಮಟ್ಟಿಗೆ ಎರಡು ವಿಷಯಗಳನ್ನು ಬೇರೆಬೇರೆಯಾಗಿ ಕೇಳುತ್ತದೆ: ಕೈ ಏನು ಮಾಡಿತು, ಆಗ ಮನಸ್ಸಿನಲ್ಲಿ ಏನಿತ್ತು. ಒಂದೇ ಸಾವು, ಕೊಲ್ಲುವ ಉದ್ದೇಶವಿದ್ದರೆ ಕೊಲೆಯಾಗುತ್ತದೆ, ಬರೇ ಅಜಾಗರೂಕತೆಯಿದ್ದರೆ ಬೇರೆ ಮತ್ತು ಬಹಳ ಕಡಿಮೆ ಶಿಕ್ಷೆಯ ಅಪರಾಧವಾಗುತ್ತದೆ, ಎಚ್ಚರಿಕೆಯಿಂದ ನ್ಯಾಯವಾದ ಕೆಲಸ ಮಾಡುತ್ತಿದ್ದಾಗ ಆಕಸ್ಮಿಕವಾಗಿ ನಡೆದಿದ್ದರೆ ಅಪರಾಧವೇ ಆಗುವುದಿಲ್ಲ. ತೀವ್ರ ಗಾಯದ ವಿಷಯದಲ್ಲಿಯೂ ಹಾಗೆಯೇ. ಕಲಂ 117ರ ವಿವರಣೆಯನ್ನು ಗಮನವಿಟ್ಟು ಓದಬೇಕು. ಮೂಳೆ ಮುರಿದಿದೆ ಎಂದಷ್ಟೇ ತೋರಿಸಿದರೆ ಸಾಲದು, ತೀವ್ರ ಗಾಯ ಮಾಡುವ ಉದ್ದೇಶ, ಅಥವಾ ತನ್ನ ಕೃತ್ಯದಿಂದ ತೀವ್ರ ಗಾಯವಾಗುವ ಸಂಭವವಿದೆಯೆಂಬ ಅರಿವು ಆರೋಪಿಗೆ ಇತ್ತೆಂಬುದನ್ನೂ ತೋರಿಸಬೇಕು. ಕಬ್ಬಿಣದ ಸಲಾಕೆಯಿಂದ ಮಣಿಕಟ್ಟಿಗೆ ಹೊಡೆದವನಿಗೆ ಆ ಅರಿವಿತ್ತೆಂದು ಹೇಳುವುದು ಸುಲಭ. ಕೊರಳಪಟ್ಟಿ ಬಿಡಿಸಿಕೊಳ್ಳಲು ತಳ್ಳಿದವನಿಗೆ, ಎದುರಿನವರು ಮೂರು ಹೆಜ್ಜೆ ಹಿಂದೆ ಸರಿದು ಮೆಟ್ಟಿಲಲ್ಲಿ ಬೀಳುತ್ತಾರೆಂಬ ಅರಿವಿತ್ತೆಂದು ಹೇಳುವುದು ಅಷ್ಟು ಸುಲಭವಲ್ಲ. ಮೆಟ್ಟಿಲು ಎಷ್ಟು ಹತ್ತಿರವಿತ್ತು, ತಳ್ಳಿದ ರಭಸ ಎಷ್ಟು ಎಂಬ ಸಂಗತಿಗಳೇ ಇದನ್ನು ನಿರ್ಣಯಿಸುತ್ತವೆ.

ಇನ್ನೊಂದು, ಆತ್ಮರಕ್ಷಣೆ. ತನ್ನ ದೇಹದ ಮೇಲೆ ಕೈಮಾಡಿದವರಿಂದ ತನ್ನನ್ನು ಕಾಪಾಡಿಕೊಳ್ಳುವ ಹಕ್ಕನ್ನು ನ್ಯಾಯ ಸಂಹಿತೆಯ ಕಲಂ 34 ಮತ್ತು ಅದರ ಮುಂದಿನವು ಕೊಡುತ್ತವೆ. ಆದರೆ ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡಬಾರದು, ಅಪಾಯ ಮುಗಿದ ಮೇಲೆ ಕೈಯೆತ್ತಬಾರದು. ಅವರು ಕೊರಳಪಟ್ಟಿ ಹಿಡಿದಿದ್ದಾಗಲೇ ತಳ್ಳಿದನೋ, ಬಿಟ್ಟು ಹೊರಟ ಮೇಲೆ ಬೆನ್ನಟ್ಟಿ ತಳ್ಳಿದನೋ ಎಂಬುದರಲ್ಲಿ ಇಡೀ ಪ್ರಕರಣ ಅಡಗಿದೆ. ಕೆಲವು ಕ್ಷಣಗಳ ಅಂತರಕ್ಕೆ ಕಾನೂನು ಎಷ್ಟು ಬೆಲೆ ಕೊಡುತ್ತದೆಂಬುದಕ್ಕೆ ನಮ್ಮ ಮುಂಬಯಿಯಲ್ಲೇ ನಡೆದ 1959ರ ನಾನಾವತಿ ಪ್ರಕರಣವನ್ನು, ಅಂದರೆ ನೌಕಾಪಡೆಯ ಅಧಿಕಾರಿಯೊಬ್ಬರು ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ಪ್ರಕರಣವನ್ನು, ನೆನೆಯಬಹುದು. ಅಲ್ಲಿ ಎದ್ದದ್ದು ಆತ್ಮರಕ್ಷಣೆಯ ಪ್ರಶ್ನೆಯಲ್ಲ, ಹಠಾತ್ ಕೆರಳಿಕೆಯ ಪ್ರಶ್ನೆ. ಹೆಂಡತಿಯ ಮಾತು ಕೇಳಿದ ಗಳಿಗೆಗೂ ಗುಂಡು ಹಾರಿದ ಗಳಿಗೆಗೂ ನಡುವೆ ಸುಮಾರು ಮೂರು ತಾಸು ಕಳೆದಿತ್ತು. ಮನಸ್ಸು ಹಿಡಿತಕ್ಕೆ ಬರಲು ಅಷ್ಟು ಹೊತ್ತು ಸಾಕೆಂದು 1961ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ.

ಸಾಬೀತುಪಡಿಸುವ ಹೊಣೆಯ ಬಗ್ಗೆಯೂ ತಿಳಿದಿರಲಿ. ಅಪರಾಧ ನಡೆದಿದೆಯೆಂದು ಸಮಂಜಸವಾದ ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಬೇಕಾದವರು ಸರ್ಕಾರದ ಕಡೆಯವರು, ಅಂದರೆ ಒಂದು ಕಾಲದಲ್ಲಿ ನಾನು ನಿಂತಿದ್ದ ಕಡೆ. ಆತ್ಮರಕ್ಷಣೆಗಾಗಿ ತಳ್ಳಿದೆನೆಂದು ಹೇಳುವವನು ಅದನ್ನು ತೋರಿಸಬೇಕಾದದ್ದು ನಿಜ, ಆದರೆ ಅವನಿಂದ ಅಷ್ಟು ಕಟ್ಟುನಿಟ್ಟಿನ ಪುರಾವೆಯನ್ನು ಕೇಳುವುದಿಲ್ಲ, ಹಾಗೆ ನಡೆದಿರುವ ಸಂಭವವೇ ಹೆಚ್ಚೆಂದು ಕಂಡರೆ ಸಾಕು.

ವೇಟರ್ ಹುಡುಗನ ಹೆಸರು ಸೇರಿರುವುದು 3(5)ರಿಂದ, ಹಳೆಯ 34. ಹಲವರು ಒಂದೇ ಉದ್ದೇಶ ಇಟ್ಟುಕೊಂಡು ಮಾಡಿದ ಕೃತ್ಯಕ್ಕೆ ಪ್ರತಿಯೊಬ್ಬನೂ ತಾನೇ ಮಾಡಿದಂತೆ ಹೊಣೆಯಾಗುತ್ತಾನೆ. ಪಕ್ಕದಲ್ಲಿ ನಿಂತಿದ್ದನೆಂಬುದೊಂದೇ ಅದಕ್ಕೆ ಸಾಲದು, ಉದ್ದೇಶದಲ್ಲಿ ಪಾಲುದಾರನಾಗಿದ್ದನೆಂದು ತೋರಿಸಬೇಕು.

ನೋಟಿಸಿನ ವಿಷಯ. ಇದು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 35(3)ರ ನೋಟಿಸು, ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 41ಎ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಕೂಡದು, ಬಂಧನ ಏಕೆ ಬೇಕೆಂಬುದನ್ನು ಬರೆದಿಡಬೇಕು ಎಂದು ಸರ್ವೋಚ್ಚ ನ್ಯಾಯಾಲಯದ 2014ರ ಅರ್ನೇಶ್ ಕುಮಾರ್ ತೀರ್ಪು ಖಡಾಖಂಡಿತವಾಗಿ ಹೇಳಿದೆ. ಕರೆದಾಗಲೆಲ್ಲ ಹಾಜರಾಗಿ ಸಹಕರಿಸುವವನನ್ನು, ಅಧಿಕಾರಿ ಕಾರಣಗಳನ್ನು ದಾಖಲಿಸದ ಹೊರತು, ಬಂಧಿಸುವಂತಿಲ್ಲ. ಒಂದು ವೇಳೆ ಬಂಧಿಸಿದರೂ 117(2) ಜಾಮೀನು ಹಕ್ಕಾಗಿ ಸಿಗುವ ಅಪರಾಧ, ಠಾಣೆಯಲ್ಲಿಯೇ ಜಾಮೀನು ಕೊಡಬಹುದು, ಶ್ಯೂರಿಟಿ ತರಲಾಗದ ಬಡವನಾದರೆ ಅವನ ಸ್ವಂತ ಮುಚ್ಚಳಿಕೆಯ ಮೇಲೆಯೇ ಬಿಡಬೇಕು. ಯಾವ ಬಂಧನದಲ್ಲಿಯೂ, ಪ್ರಯಾಣದ ಹೊತ್ತನ್ನು ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದು ಸಂವಿಧಾನದ 22ನೆಯ ವಿಧಿಯ ಆಜ್ಞೆ. ಮರಾಠಿ ಬಾರದ ನಮ್ಮ ಹುಡುಗರಿಗೆ ಬಹಳ ಬೇಕಾದ ಇನ್ನೊಂದು ಮಾತಿದೆ. ಬಂಧನದ ಕಾರಣಗಳನ್ನು, ಅಪರಾಧ ಯಾವುದೇ ಆಗಿರಲಿ, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರವಣಿಗೆಯಲ್ಲಿ ಕೊಡಬೇಕೆಂದು 2025ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ, ಆ ಪ್ರಕರಣವೂ ಮುಂಬಯಿಯದೇ.

ಅಂದು ಸಹಿ ಹಾಕಿದ ಕಾಗದ ಬಹುಶಃ ಅವನದೇ ಎನ್‌ಸಿ. ಅದರ ಪ್ರತಿಯನ್ನೂ ಎಫ್‌ಐಆರ್ ಪ್ರತಿಯನ್ನೂ ಪಡೆದು ಮರಾಠಿ ಬಲ್ಲವರಿಂದ ಓದಿಸಿ. ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣಕ್ಕೆ ಏರಿಸಬೇಕೆಂದು 2016ರಲ್ಲಿಯೇ ಆದೇಶವಾಗಿದೆ, ಸೂಕ್ಷ್ಮ ಪ್ರಕರಣಗಳಿಗೆ ಮಾತ್ರ ವಿನಾಯಿತಿ. ಇನ್ನು ಮುಂದೆ ಓದಿ ತಿಳಿಯದ ಯಾವ ಕಾಗದಕ್ಕೂ ಸಹಿ ಬೇಡ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸಲು ಸಾಕ್ಷ್ಯ ಅಧಿನಿಯಮ ಬಿಡುವುದಿಲ್ಲ, ಆದರೂ ಎಚ್ಚರ ಒಳ್ಳೆಯದು.

ಉತ್ತರ: ಮಾಟುಂಗಾದ ವಕೀಲ

ಹಿರಿಯರು ಹೇಳಿದ್ದನ್ನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ಗುರುವಾರಕ್ಕೆ ಮುಂಚೆ ಮಾಡಬೇಕಾದ ಒಂದು ಕೆಲಸ ಅವರ ಬರಹದಲ್ಲಿ ಬಿಟ್ಟುಹೋಗಿದೆ. ಹೋಟೆಲಿನಲ್ಲಿ ಸಿಸಿಟಿವಿ ಇದ್ದೇ ಇರುತ್ತದೆ. ಅದರ ಪೆಟ್ಟಿಗೆಯಲ್ಲಿ ಜಾಗ ತುಂಬಿದಂತೆ ಹಳೆಯ ದೃಶ್ಯ ತಾನಾಗಿ ಅಳಿಸಿಹೋಗುತ್ತದೆ, ಘಟನೆ ನಡೆದು ಈಗಾಗಲೇ ವಾರಗಳು ಕಳೆದಿವೆ. ಇಂದೇ ಮಾಲೀಕರನ್ನು ಕಂಡು ಆ ರಾತ್ರಿಯ ಪೂರ್ತಿ ದೃಶ್ಯವನ್ನು, ಕತ್ತರಿಸದೆ, ತೆಗೆದಿಡಿಸಿ. ಕೊರಳಪಟ್ಟಿ ಹಿಡಿದದ್ದು ಮತ್ತು ತಳ್ಳಿದ್ದು ಎರಡೂ ಅದರಲ್ಲಿದ್ದರೆ ಹತ್ತು ಸಾಕ್ಷಿಗಳಿಗಿಂತ ಅದು ಮೇಲು. ಪ್ರತಿಯನ್ನು ಕೋರ್ಟು ಸ್ವೀಕರಿಸಬೇಕಾದರೆ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು, ಅದನ್ನು ನಿಮ್ಮ ವಕೀಲರು ನೋಡಿಕೊಳ್ಳುತ್ತಾರೆ. ತನಿಖಾಧಿಕಾರಿಗೆ ಒಂದು ಪತ್ರದೊಂದಿಗೆ ಅದನ್ನು ಕೊಟ್ಟು, ಪತ್ರದ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಪಡೆಯಿರಿ. ಹುಡುಗ ಮಾತ್ರ ಕೇಳಿದ್ದಕ್ಕೆ ಉತ್ತರಿಸಿದರೆ ಸಾಕು, ತಾನಾಗಿ ಉದ್ದದ ಹೇಳಿಕೆ ಬರೆದುಕೊಡುವ ಅಗತ್ಯವಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಯಾರನ್ನೂ ಒತ್ತಾಯಿಸಬಾರದೆಂದು ಸಂವಿಧಾನದ 20(3)ನೆಯ ವಿಧಿ ಹೇಳುತ್ತದೆ.

ತನಿಖೆ ಮುಗಿದ ಮೇಲೆ ದೋಷಾರೋಪಣ ಪಟ್ಟಿಯೇ ಬರುತ್ತದೆಂದು ಖಚಿತವಿಲ್ಲ. ಇಲ್ಲಿ ಪ್ರಕರಣ ಮುಗಿಸುವ ವರದಿಯನ್ನು ‘ಸಮರಿ’ ಎನ್ನುತ್ತಾರೆ. ಘಟನೆ ನಿಜ, ಆದರೆ ಆರೋಪಿಯ ವಿರುದ್ಧ ಪುರಾವೆ ಸಾಲದು ಎಂದರೆ ಎ ಸಮರಿ, ದುರುದ್ದೇಶದ ಸುಳ್ಳು ದೂರು ಎಂದರೆ ಬಿ ಸಮರಿ, ತಪ್ಪುತಿಳಿವಳಿಕೆಯಿಂದ ಹುಟ್ಟಿದ್ದು ಅಥವಾ ಸಿವಿಲ್ ಸ್ವರೂಪದ್ದು ಎಂದರೆ ಸಿ ಸಮರಿ. ಊರಿನ ಕಡೆ ಕೇಳಿಬರುವ ‘ಬಿ ರಿಪೋರ್ಟ್’ ಎಂಬ ಮಾತಿಗೂ ಇಲ್ಲಿಯ ಬಿ ಸಮರಿಗೂ ಗಂಟು ಹಾಕಬೇಡಿ. ಊರಿನಲ್ಲಿ ಅದನ್ನು ಪುರಾವೆ ಸಾಲದ ಪ್ರಕರಣಕ್ಕೂ ಬಳಸುತ್ತಾರೆ, ಇಲ್ಲಿ ಬಿ ಎಂದರೆ ದೂರುದಾರರ ಮೇಲೆಯೇ ಬೆರಳು ತೋರಿಸಿದಂತೆ.

ಠಾಣೆಯಲ್ಲಿ ‘ಚಾಪ್ಟರ್ ಕೇಸ್’ ಎಂಬ ಮಾತು ಕಿವಿಗೆ ಬಿದ್ದರೆ ಗಾಬರಿ ಬೇಡ. ಶಾಂತಿ ಕೆಡಿಸುವುದಿಲ್ಲವೆಂದು ಮುಚ್ಚಳಿಕೆ ಬರೆಸಿಕೊಳ್ಳುವ ಮುಂಜಾಗ್ರತೆಯ ಕ್ರಮ ಅದು, ಶಿಕ್ಷೆಯಲ್ಲ. ಮುಂಬಯಿಯಲ್ಲಿ ಸಹಾಯಕ ಪೊಲೀಸ್ ಆಯುಕ್ತರೇ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಾಗಿ ಅದನ್ನು ನಡೆಸುತ್ತಾರೆ.

ಪಾಸ್‌ಪೋರ್ಟ್: 1967ರ ಕಾಯ್ದೆಯ ಕಲಂ 6(2)(ಎಫ್) ಅಡ್ಡಬರುವುದು ಕ್ರಿಮಿನಲ್ ನ್ಯಾಯಾಲಯದ ಮುಂದೆ ಪ್ರಕರಣ ಬಾಕಿಯಿದ್ದಾಗ. ಹಾಗೆ ಬಾಕಿಯಿದ್ದರೂ ಅದೇ ನ್ಯಾಯಾಲಯದ ಅನುಮತಿ ತಂದರೆ ಪಾಸ್‌ಪೋರ್ಟ್ ಕೊಡಲು 1993ರ ಕೇಂದ್ರ ಸರ್ಕಾರದ ಅಧಿಸೂಚನೆ ಅವಕಾಶ ಮಾಡಿದೆ. ಅರ್ಜಿಯಲ್ಲಿ ಎಫ್‌ಐಆರ್ ವಿಷಯವನ್ನು ಮುಚ್ಚಿಟ್ಟರೆ ಮಾತ್ರ ಹೊಸ ತೊಂದರೆಯೊಂದು ಹುಟ್ಟುತ್ತದೆ.

ಉತ್ತರ: ಪುಣೆಯ ಓದುಗಳು

ಸಾಕ್ಷಿಗಳ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಎರಡು ವರ್ಷದ ಹಿಂದೆ ನಮ್ಮ ಸೊಸೈಟಿಯಲ್ಲಿ ನಡೆದ ಒಂದು ಜಗಳವನ್ನು ಕಣ್ಣಾರೆ ಕಂಡವರೆಂದು ನನ್ನ ಅತ್ತೆಯವರನ್ನು ಠಾಣೆಗೆ ಬರಹೇಳಿದ್ದರು. ಅವರಿಗೆ ಆಗ ಅರವತ್ತೇಳು. ಮಹಿಳೆಯರನ್ನು, ಅರವತ್ತು ದಾಟಿದವರನ್ನು ಸಾಕ್ಷಿಗಳಾಗಿ ವಿಚಾರಿಸಬೇಕಾದರೆ ಪೊಲೀಸರೇ ಅವರ ಮನೆಗೆ ಬರಬೇಕೆಂಬ ನಿಯಮ ನಮಗೆ ತಿಳಿದಿರಲಿಲ್ಲ. ಮಳೆಯಲ್ಲಿ ರಿಕ್ಷಾ ಹಿಡಿದು ಹೋಗಿ ಮೂರು ಗಂಟೆ ಕಾದರು. ತಿಳಿದಿದ್ದರೆ ವಿನಯದಿಂದಲೇ ಹೇಳಬಹುದಾಗಿತ್ತು. ಅಂದು ನಿಮ್ಮ ಹೋಟೆಲಿನಲ್ಲಿ ಊಟ ಮಾಡುತ್ತಿದ್ದ ಹಿರಿಯರೋ ಹೆಂಗಸರೋ ನೋಡಿದ್ದರೆ, ಠಾಣೆ ಹತ್ತಬೇಕೆಂಬ ಹೆದರಿಕೆಯಿಂದ ಹಿಂಜರಿಯಬಹುದು. ಈ ನಿಯಮವನ್ನು ಅವರಿಗೆ ತಿಳಿಸಿ.

ಘಾಟ್‌ಕೋಪರ್ ನಿವಾಸಿ

ಎಲ್ಲರಿಗೂ ನಮಸ್ಕಾರ. ಎಫ್‌ಐಆರ್ ಪ್ರತಿಯನ್ನು ನಿನ್ನೆ ಮರಾಠಿ ಬಲ್ಲ ನೆರೆಯವರಿಂದ ಓದಿಸಿದೆ. ಕೊರಳಪಟ್ಟಿ ಹಿಡಿದ ಮಾತು ಅದರಲ್ಲಿಲ್ಲ, ಆದರೆ ಹುಡುಗನ ಎನ್‌ಸಿಯಲ್ಲಿ ಇದೆ, ಅದೂ ಘಟನೆಯ ರಾತ್ರಿಯೇ ಬರೆದದ್ದು. ಸಿಸಿಟಿವಿಯ ದೃಶ್ಯ ಅಳಿಸಿರಲಿಲ್ಲ, ಮಾಲೀಕರು ತೆಗೆದಿಟ್ಟಿದ್ದಾರೆ. ಅಕ್ಕ ನಿನ್ನೆ ರಾತ್ರಿ ಗಂಜಿ ಉಂಡಳಂತೆ.

ಎರಡು ಸಂದೇಹ ಉಳಿದಿವೆ. ಭಾಂಡುಪಿನ ಅಣ್ಣ ಹೇಳಿದ ರಾಜಿಗೆ ದಾರಿಯೇ ಇಲ್ಲವೇ? ನಮಗೂ ಆ ಗ್ರಾಹಕರ ಕೈ ಮುರಿದದ್ದು ನೋವಿನ ವಿಷಯವೇ. ವಕೀಲರ ಶುಲ್ಕ ಕೊಡುವ ಶಕ್ತಿ ವೇಟರ್ ಹುಡುಗನಿಗೆ ಇಲ್ಲ, ಅವನೇನು ಮಾಡಬೇಕು?

ಉತ್ತರ: ನಿವೃತ್ತ ಸರ್ಕಾರಿ ಅಭಿಯೋಜಕ, ಥಾಣೆ

ರಾಜಿಗೆ ದಾರಿಯಿದೆ, ಅದು ಸ್ಟಾಂಪ್ ಪೇಪರಿನ ದಾರಿಯಲ್ಲ. ಎಫ್‌ಐಆರ್ ಆದ ಮೇಲೆ ಪ್ರಕರಣ ಸರ್ಕಾರದ್ದಾಗುತ್ತದೆ, ದೂರುದಾರರು ಮನೆಯಲ್ಲಿ ಕುಳಿತು ಬರೆದುಕೊಟ್ಟ ಮಾತ್ರಕ್ಕೆ ಅದು ಮುಗಿಯುವುದಿಲ್ಲ. ಸಾಮಾನ್ಯ ಗಾಯವನ್ನು ನೊಂದವರು ತಾವೇ ರಾಜಿ ಮಾಡಿಕೊಳ್ಳಬಹುದು, 117(2)ರ ತೀವ್ರ ಗಾಯಕ್ಕೆ ನೊಂದವರ ಒಪ್ಪಿಗೆಯ ಜೊತೆಗೆ ನ್ಯಾಯಾಲಯದ ಅನುಮತಿ ಬೇಕು. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 359ರಲ್ಲಿ ಇದೆಲ್ಲ ಇದೆ. ಹಾಗೆ ಆದ ರಾಜಿಗೆ ಬಿಡುಗಡೆಯ ತೀರ್ಪಿನಷ್ಟೇ ಬೆಲೆ. ನೀವು ಅವರ ಕೈಯ ಬಗ್ಗೆ ನೋವು ವ್ಯಕ್ತಪಡಿಸಿದ್ದು ನನಗೆ ಬಹಳ ಹಿಡಿಸಿತು. ಆದರೆ ತನಿಖೆ ನಡೆಯುತ್ತಿರುವಾಗ ನೀವಾಗಿ ಅವರ ಮನೆಗೆ ಹೋಗಬೇಡಿ, ಸಾಕ್ಷಿಯ ಮೇಲೆ ಒತ್ತಡ ತಂದರೆಂಬ ಮಾತು ಬರಬಹುದು. ಮಾತುಕತೆ ವಕೀಲರ ಮೂಲಕವೇ ನಡೆಯಲಿ.

ವೇಟರ್ ಹುಡುಗನಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗಬಹುದು. 1987ರ ಕಾಯ್ದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ವರಮಾನದ ಲೆಕ್ಕವಿಲ್ಲದೆ ಇದಕ್ಕೆ ಅರ್ಹರು, ಉಳಿದವರಿಗೆ ವರಮಾನದ ಮಿತಿಯುಂಟು. 15100 ಸಂಖ್ಯೆಗೆ ಕರೆ ಮಾಡಿ ವಿಚಾರಿಸಲಿ. ಇಬ್ಬರಿಗೂ ಒಬ್ಬರೇ ವಕೀಲರು ಬೇಡವೆಂಬುದು ನನ್ನ ಅಭಿಪ್ರಾಯ, ಏಕೆಂದರೆ ತಳ್ಳಿದವನ ವಾದ ಒಂದು, ನಿಂತು ನೋಡಿದವನ ವಾದ ಇನ್ನೊಂದು.

ಗುರುವಾರ ನೋಟಿಸಿನಲ್ಲಿ ಹೇಳಿದ ಹೊತ್ತಿಗಿಂತ ಸ್ವಲ್ಪ ಮೊದಲೇ ಇಬ್ಬರೂ ಹೋಗಲಿ. ನೋಟಿಸಿನ ಮೂಲ, ಆಧಾರ್, ಎನ್‌ಸಿಯ ಪ್ರತಿ ಜೊತೆಗಿರಲಿ. ಹಾಜರಾದ ಬಗ್ಗೆ ಬರವಣಿಗೆಯಲ್ಲಿ ಒಂದು ಗುರುತು ಪಡೆದೇ ಹೊರಬರಲಿ.